ಸೊಳ್ಳೆಗೆ ರಕ್ತದ ರುಚಿ ಹತ್ತುವುದು ಹೇಗೆ?

ಪ್ರಶ್ನೆ: ಸೊಳ್ಳೆ ಮಕರಂದವನ್ನೂ ಕುಡಿಯುತ್ತದೆ, ರಕ್ತವನ್ನೂ ಹೀರುತ್ತದೆ. ಇದು ರಕ್ತವೇ ಎಂದು ಅದಕ್ಕೆ ಗೊತ್ತಾಗುವುದು ಯಾವುದರಿಂದ? ಪ್ರೋಟೀನೇ, ಕಬ್ಬಿಣವೇ?

ಉತ್ತರ: ಎರಡೂ ಅಲ್ಲ. ಮೊಟ್ಟೆ ಬೆಳೆಸಲು ಹೆಣ್ಣು ಸೊಳ್ಳೆಗೆ ಪ್ರೋಟೀನ್ ಬೇಕು, ನಿಜ. ಆದರೆ ಡೆಂಗಿ ಹರಡುವ ಸೊಳ್ಳೆಯಾದ ಈಡಿಸ್ ಈಜಿಪ್ಟಿ ಗುರುತು ಹಿಡಿಯುವುದು ಮುಖ್ಯವಾಗಿ ಎಟಿಪಿಯನ್ನು. ಜೀವಕೋಶಗಳಿಗೆ ಶಕ್ತಿ ಒದಗಿಸುವ ಈ ಅಣು ಕೆಂಪು ರಕ್ತಕಣಗಳೊಳಗೆ ಧಾರಾಳವಾಗಿದೆ, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ತೀರಾ ಕಡಿಮೆ. ವಿಜ್ಞಾನಿ ರಾಚೆಲ್ ಗಾಲುನ್ ಮತ್ತು ಸಂಗಡಿಗರು ಇದನ್ನು 1963ರಲ್ಲೇ ತೋರಿಸಿದರು. ಸೊಳ್ಳೆಗೆ ಇಲ್ಲಿ ಎಟಿಪಿ ಆಹಾರವಲ್ಲ, ಬರೀ ರುಚಿ: ಒಡೆದು ಶಕ್ತಿ ಕೊಡಲಾಗದಂತೆ ಮಾರ್ಪಡಿಸಿದ ಎಟಿಪಿ ಕೊಟ್ಟರೂ ಅದು ಹೀರುತ್ತದೆ.

ಎಟಿಪಿಯ ಜೊತೆಗೆ ಉಪ್ಪು, ಸೋಡಿಯಂ ಬೈಕಾರ್ಬನೇಟ್, ಗ್ಲೂಕೋಸ್‌ಗಳನ್ನೂ ಚುಚ್ಚುಸೂಜಿಯಲ್ಲಿರುವ ನರಕೋಶಗಳು ಗ್ರಹಿಸುತ್ತವೆ. ಬರೀ ಸಕ್ಕರೆಗೆ ಈ ನರಗಳು ಮಿಸುಕುವುದಿಲ್ಲ. ಮಕರಂದದ ದಾರಿಯೇ ಬೇರೆ, ಅದು ಹೊಟ್ಟೆಯ ಪಕ್ಕದ ಚೀಲಕ್ಕೆ ಹೋಗುತ್ತದೆ; ರಕ್ತ ನೇರವಾಗಿ ನಡುಗರುಳಿಗೆ. ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಹಾಕಿದ ಬೆಚ್ಚನೆಯ ನೀರಿಗೆ ಬೈಕಾರ್ಬನೇಟ್ ಮತ್ತು 1 ಮಿಲಿಮೋಲಾರ್ ಎಟಿಪಿ ಬೆರೆಸಿ, ಚರ್ಮದ ಬದಲಿಗೆ ಚುಚ್ಚಲು ಬಿಗಿದ ತೆಳುಪೊರೆಯಡಿ ಇಟ್ಟರೆ ಈಡಿಸ್ ಹೊಟ್ಟೆ ಬಿರಿಯುವಷ್ಟು ಕುಡಿಯುತ್ತದೆ, ಮೊಟ್ಟೆ ಮಾತ್ರ ಕಟ್ಟುವುದಿಲ್ಲ. ಮಲೇರಿಯಾ ಹರಡುವ ಗುಂಪಾದ ಅನಾಫಿಲಿಸ್‌ನ ಹಲವು ಜಾತಿಗಳಿಗಾದರೋ ಎಟಿಪಿಯೂ ಬೇಡ, ಉಪ್ಪು ಮತ್ತು ಬೈಕಾರ್ಬನೇಟ್ ಸಾಕು.

ತಮಾಷೆಯೆಂದರೆ, ಸೊಳ್ಳೆಯ ಜೊಲ್ಲಿನಲ್ಲೇ ಎಟಿಪಿಯನ್ನು ಒಡೆಯುವ ಎಪಿರೇಸ್ ಎಂಬ ಕಿಣ್ವವಿದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಗುಂಪುಗೂಡದಂತೆ ತಡೆಯುವುದು ಅದರ ಕೆಲಸ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಈಡಿಸ್‌ಗೆ ಪೊರೆಯ ಮೂಲಕ ರಕ್ತ ಕೊಡುತ್ತೇವೆ. ಹಲವು ದಿನ ಫ್ರಿಜ್‌ನಲ್ಲಿಟ್ಟ ರಕ್ತವನ್ನು ಸರಿಯಾಗಿ ಹೀರುವುದಿಲ್ಲ. ಏಕೆ?

ಉತ್ತರ: ಮೊದಲು ಒಂದು ವಿಷಯ ಗಮನಿಸಿ. ಸೊಳ್ಳೆಗಳು ಪೊರೆಯ ಮೇಲೆ ಕೂರುವುದೇ ಇಲ್ಲವೋ, ಕೂತು ಚುಚ್ಚಿ ಎದ್ದುಹೋಗುತ್ತವೆಯೋ? ಕೂರದಿದ್ದರೆ ತಪ್ಪು ಬಿಸಿಯಲ್ಲಿ ಅಥವಾ ವಾಸನೆಯಲ್ಲಿ: ರಕ್ತ 37 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ, ಪಂಜರದ ಮೇಲೆ ಒಮ್ಮೆ ಉಸಿರು ಬಿಡಿ. ಚುಚ್ಚಿ ಬಿಡುತ್ತಿದ್ದರೆ ತಪ್ಪು ರುಚಿಯಲ್ಲಿ. ಇಟ್ಟ ರಕ್ತದಲ್ಲಿ ದಿನಕಳೆದಂತೆ ಎಟಿಪಿ ಕುಗ್ಗುತ್ತದೆ.

100 ಮಿಲಿಮೋಲಾರ್ ಎಟಿಪಿ ದ್ರಾವಣ ಮಾಡಿಕೊಂಡು, ಕೊಡುವ ಹೊತ್ತಿಗೆ ಪ್ರತಿ 1 ಮಿಲಿಲೀಟರ್ ರಕ್ತಕ್ಕೆ 10 ಮೈಕ್ರೋಲೀಟರ್ ಸೇರಿಸಿ. ಎಟಿಪಿಯ ಸೋಡಿಯಂ ಲವಣ ನೀರಿನಲ್ಲಿ ಆಮ್ಲೀಯ, ಹಾಗೇ ಬಿಟ್ಟರೆ ಒಡೆಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಎಚ್ 7ರ ಆಸುಪಾಸಿಗೆ ತಂದು, ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಪುಟ್ಟ ಟ್ಯೂಬ್‌ಗಳಲ್ಲಿ ಮೈನಸ್ 20 ಡಿಗ್ರಿಯಲ್ಲಿಡಿ. ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ಹಿಂದಿನ ರಾತ್ರಿಯೇ ಸಕ್ಕರೆ ನೀರು ತೆಗೆಯಿರಿ, ಪೊರೆಯಾಗಿ ಬಳಸುವ ಮೇಣದಂಥ ಹಾಳೆ ಪ್ಯಾರಾಫಿಲ್ಮನ್ನು ಎರಡೂ ಕಡೆಗೆ ಎಳೆದು ತೆಳ್ಳಗೆ ಮಾಡಿ. ರಕ್ತವನ್ನು ಆಗಾಗ ಕದಡಿ, ಇಲ್ಲದಿದ್ದರೆ ಕಣಗಳು ತಳಕ್ಕಿಳಿಯುತ್ತವೆ.

ಪ್ರಶ್ನೆ: ‘ಓ’ ಗುಂಪಿನ ರಕ್ತ ಹೆಚ್ಚು ರುಚಿಯಂತೆ, ಹೌದೇ?

ಉತ್ತರ: ಎಟಿಪಿ ಎಲ್ಲ ಗುಂಪಿನವರ ರಕ್ತಕಣಗಳಲ್ಲೂ ಇದೆ. ಅದೂ ಅಲ್ಲದೆ, ನಿಮ್ಮನ್ನು ಆರಿಸಿಕೊಳ್ಳುವ ಹೊತ್ತಿಗೆ ಸೊಳ್ಳೆ ಇನ್ನೂ ರಕ್ತದ ರುಚಿಯನ್ನೇ ನೋಡಿರುವುದಿಲ್ಲ. ಆಗ ಅದನ್ನು ಕರೆಯುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಚರ್ಮದ ವಾಸನೆ, ಮೈಬಿಸಿ.