ಲಾಗ್ ಫೈಲ್ ಅಳಿಸಬೇಡಿ, ಜಾಗ ತಿಂದ ಟೇಬಲ್ ಹುಡುಕಿ

ಸರ್, ದಯವಿಟ್ಟು ಎಲ್‌ಡಿಎಫ್ ಫೈಲ್ (ಡೇಟಾಬೇಸಿನ ಬದಲಾವಣೆಗಳನ್ನು ಬರೆದಿಡುವ ಲಾಗ್) ಮುಟ್ಟಬೇಡಿ. ಬಿಲ್ ಸೇವ್ ಆಗದೆ 10240 ಎಂಬಿ ಮಿತಿ ಮೀರಿದೆ ಅನ್ನೋ ಎರರ್ ಬರ್ತಿದೆ, ಲಾಗ್ ಅಳಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. ನಿಮ್ಮ ಬಿಲ್‌ಗಳನ್ನು ಇಟ್ಟುಕೊಳ್ಳುವ ಉಚಿತ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯುಎಲ್ ಸರ್ವರ್ 2019 ಎಕ್ಸ್‌ಪ್ರೆಸ್‌ನ 10 ಜಿಬಿ ಮಿತಿ ಡೇಟಾ ಫೈಲಿಗೆ ಮಾತ್ರ. ಲಾಗ್ ಆ ಲೆಕ್ಕಕ್ಕೇ ಬರಲ್ಲ. ಅಳಿಸಿದರೆ ಡೇಟಾಬೇಸೇ ತೆರೆಯದೆ ಹೋಗಬಹುದು.

ಮೊದಲು ಪೂರ್ತಿ ಬ್ಯಾಕಪ್ ತೆಗೆದು ಬೇರೆ ಡಿಸ್ಕಿಗೆ ಹಾಕಿ. ಆಮೇಲೆ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ (ಡೇಟಾಬೇಸ್ ನೋಡಿಕೊಳ್ಳುವ ಟೂಲ್) ಡೇಟಾಬೇಸ್ ಮೇಲೆ ರೈಟ್ ಕ್ಲಿಕ್ ಮಾಡಿ, ರಿಪೋರ್ಟ್ಸ್ ಒಳಗೆ ‘ಡಿಸ್ಕ್ ಯೂಸೇಜ್ ಬೈ ಟಾಪ್ ಟೇಬಲ್ಸ್’ ನೋಡಿ. ಬಿಲ್ಲಿನ ಸಾಲುಗಳೇ ಇಷ್ಟು ಜಾಗ ತಿನ್ನೋದು ಅಪರೂಪ. ಸಾಮಾನ್ಯವಾಗಿ ಸ್ಕ್ಯಾನ್ ಮಾಡಿಟ್ಟ ಚಿತ್ರಗಳು, ಇಲ್ಲವೇ ಯಾರು ಏನು ತಿದ್ದಿದರು ಅಂತ ಬರೆದಿಡುವ ಆಡಿಟ್ ಟೇಬಲ್ ಮೇಲುಗಡೆ ಕಾಣುತ್ತೆ. ಈ 10 ಜಿಬಿ ಮಿತಿಯನ್ನು ಒಂದೊಂದು ಡೇಟಾಬೇಸಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತೆ. ಹಾಗಾಗಿ ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ಕೇಳಿಕೊಂಡು, ಹಳೆಯ ಆಡಿಟ್ ಸಾಲುಗಳನ್ನು ಇನ್ನೊಂದು ಡೇಟಾಬೇಸಿಗೆ ನಕಲು ಮಾಡಿ, ಇಲ್ಲಿಂದ ಕಂತು ಕಂತಾಗಿ ಡಿಲೀಟ್ ಮಾಡಿ. ಫೈಲ್ ಗಾತ್ರ ಇಳಿಯಲಿಲ್ಲ ಅಂತ ಗಾಬರಿಯಾಗಬೇಡಿ, ಒಳಗೆ ಖಾಲಿಯಾದ ಜಾಗದಲ್ಲೇ ಹೊಸ ಬಿಲ್ ಕೂರುತ್ತೆ. ಶ್ರಿಂಕ್ (ಫೈಲ್ ಕುಗ್ಗಿಸೋದು) ಬೇಡ, ಡೇಟಾ ಬೇಗ ಹುಡುಕಲು ಇರುವ ಇಂಡೆಕ್ಸ್ ಚದುರುತ್ತೆ.

2025ರ ಎಕ್ಸ್‌ಪ್ರೆಸ್‌ನಲ್ಲಿ ಮಿತಿ 50 ಜಿಬಿ. ನಿಮ್ಮ ಸಾಫ್ಟ್‌ವೇರ್ ಅದರಲ್ಲಿ ಓಡುತ್ತಾ ಅಂತ ಬೇರೆ ಕಂಪ್ಯೂಟರ್‌ನಲ್ಲಿ ಮೊದಲು ನೋಡಿ. ಅಲ್ಲಿ ತೆಗೆದ ಬ್ಯಾಕಪ್ 2019ಕ್ಕೆ ವಾಪಸ್ ರಿಸ್ಟೋರ್ ಆಗಲ್ಲ.