ಈ ಸಲ ಬರೀ ಟೋಸ್ಟಿಟೋಸ್ ಚಿಪ್ಸ್ ಪ್ರಶ್ನೆಗಳೇ

ಪ್ರಶ್ನೆ: ಅಕ್ಕ, ಟೋಸ್ಟಿಟೋಸ್ ಮೆಕ್ಸಿಕೋದವರ ಕಂಪನಿನಾ? ಡೊರಿಟೋಸ್‌ಗೂ ಇದಕ್ಕೂ ಏನ್ ವ್ಯತ್ಯಾಸ, ಎರಡೂ ಮೆಕ್ಕೆಜೋಳದ ಚಿಪ್ಸೇ ಅಲ್ವಾ?

ಉತ್ತರ: ಹೆಸರು ಕೇಳಿದ್ರೆ ಹಂಗೇ ಅನ್ಸುತ್ತೆ, ಆದ್ರೆ ಅಪ್ಪಟ ಟೆಕ್ಸಾಸ್ ಸರಕು ಕಣ್ರೀ. ಫ್ರಿಟೋ-ಲೇ ಅವರದ್ದು, ಪ್ಲೇನೋ ಊರಲ್ಲಿ ಹೆಡ್ ಆಫೀಸು, ಯಜಮಾನ್ರು ಪೆಪ್ಸಿಕೋ. ಇವರದ್ದೇ ಡೊರಿಟೋಸ್ 1966ರಿಂದ ಇಡೀ ಅಮೆರಿಕದಲ್ಲಿ ಓಡ್ತಿತ್ತು, ಟೋಸ್ಟಿಟೋಸ್ ಬಂದಿದ್ದು 70ರ ದಶಕದ ಕೊನೇಲಿ. ಡೊರಿಟೋಸ್‌ಗೆ ಮಸಾಲೆ ಪುಡಿ ಮೆತ್ತಿರುತ್ತೆ, ಹಂಗೇ ತಿನ್ಕೊಂಡ್ ಹೋಗ್ಬಹುದು. ಟೋಸ್ಟಿಟೋಸ್ ಮಾತ್ರ ಬೇಕಂತಲೇ ಸಪ್ಪೆ, ಅದ್ದಿ ತಿನ್ಲಿ ಅಂತ, ಅದ್ದೋಕೆ ಬೇಕಾದ ಸಾಲ್ಸಾ (ಟೊಮ್ಯಾಟೊ ಚಟ್ನಿ ಥರದ್ದು) ಜಾಡಿನೂ ಪಕ್ಕದಲ್ಲೇ ಇಟ್ಟು ಅವರೇ ಮಾರ್ತಾರೆ, ವ್ಯಾಪಾರ ಅಂದ್ರೆ ಇದು! ಟೆಕ್ಸಾಸ್‌ನವರಂತೂ 2003ರಲ್ಲಿ ಚಿಪ್ಸ್ ಮತ್ತು ಸಾಲ್ಸಾನ ರಾಜ್ಯದ ಅಧಿಕೃತ ತಿಂಡಿ ಅಂತ್ಲೇ ಮಾಡ್ಬಿಟ್ರು.

ಪ್ರಶ್ನೆ: ಪ್ಯಾಕೆಟ್ ಮೇಲಿನ ಹೆಸರಲ್ಲಿ ಇಬ್ರು ಮನುಷ್ಯರು ಇದಾರೆ ಅಂತ ನನ್ ಮಗ ಹಠ ಮಾಡ್ತಾನೆ, ನಂಗೇನೂ ಕಾಣಲ್ಲ.

ಉತ್ತರ: ಮಗನೇ ಗೆದ್ದ. ಇಂಗ್ಲಿಷ್ ಹೆಸರಿನ ಮಧ್ಯದ ಎರಡು ‘ಟಿ’ ಅಕ್ಷರ ಇದಾವಲ್ಲ ಅವೇ ಆ ಇಬ್ರು, ನಡುವಿನ ‘ಐ’ ಮೇಲಿನ ಚುಕ್ಕೆ ಸಾಲ್ಸಾ ಬಟ್ಟಲು, ಇಬ್ರೂ ಸೇರಿ ಒಂದು ಚಿಪ್ಸ್ ಹಿಡ್ಕೊಂಡಿದಾರೆ. ಒಂದ್ಸಲ ಕಂಡ್ರೆ ಆಮೇಲೆ ಬರೀ ಅದೇ ಕಾಣೋದು.

ಪ್ರಶ್ನೆ: ಮೇಡಂ, ಪ್ಯಾಕೆಟ್ ಹಿಂದೆ ನೋಡಿದ್ರೆ ಜೋಳ, ಎಣ್ಣೆ, ಉಪ್ಪು, ಮೂರೇ ಐಟಂ. ನಾನು ಮೆಕ್ಕೆಜೋಳದ ಹಿಟ್ಟು ಕಲಸಿ ಲಟ್ಟಿಸಿ ಕರಿದ್ರೆ ಆ ಘಮನೂ ಬರಲ್ಲ, ಹಿಟ್ಟು ಪುಡಿಪುಡಿ ಆಗಿ ಒಡ್ಕೊಳ್ಳುತ್ತೆ. ಏನಾದ್ರೂ ಮುಚ್ಚಿಡ್ತಿದಾರಾ?

ಉತ್ತರ: ನಂಗೆ ತುಂಬಾ ಇಷ್ಟ ಆದ ಪ್ರಶ್ನೆ ಇದು. ಗುಟ್ಟೆಲ್ಲಾ ಸುಣ್ಣದಲ್ಲಿದೆ. ಟೋರ್ಟಿಯಾ (ಮೆಕ್ಸಿಕೋದ ಮೆಕ್ಕೆಜೋಳದ ರೊಟ್ಟಿ) ಚಿಪ್ಸ್‌ಗೆ ಒಣ ಜೋಳನ ಸೀದಾ ಬೀಸಲ್ಲ, ಸುಣ್ಣದ ನೀರಲ್ಲಿ ಬೇಯಿಸಿ, ಅದೇ ನೀರಲ್ಲಿ ಗಂಟೆಗಟ್ಲೆ ನೆನೆಯೋಕ್ ಬಿಡ್ತಾರೆ. ಆಗ ಕಾಳಿನ ಮೇಲಿನ ಗಟ್ಟಿ ಸಿಪ್ಪೆ ಸಡಿಲ ಆಗಿ ಲೋಳೆ ಲೋಳೆಯಾಗಿ ಬಿಟ್ಕೊಳ್ಳುತ್ತೆ, ಚೆನ್ನಾಗಿ ತೊಳೆದು ಹಸಿಯಾಗಿರುವಾಗ್ಲೇ ಕಲ್ಲಲ್ಲಿ ಅರೀತಾರೆ. ಆ ಹಿಟ್ಟಿಗೆ ಮಾಸಾ ಅಂತಾರೆ, ಮುದ್ದೆ ಥರ ಅಂಟಿಕೊಂಡು ತೆಳ್ಳಗೆ ಲಟ್ಟಿಸೋಕೆ ಬರುತ್ತೆ, ಆ ಘಮನೂ ಅಲ್ಲಿಂದ್ಲೇ ಬರೋದು. ನೀವು ತಂದಿರೋ ಹಿಟ್ಟಿಗೆ ಸುಣ್ಣದ ಸಂಸ್ಕಾರ ಆಗಿಲ್ಲ, ಅದ್ಕೇ ಒಡ್ಕೊಳ್ಳೋದು. ಸುಣ್ಣದ ಸಂಸ್ಕಾರ ಆಗಿರೋ ಹಿಟ್ಟು ‘ಮಾಸಾ ಹರೀನಾ’ ಅಂತ ಪ್ಯಾಕೆಟ್‌ನಲ್ಲಿ ಸಿಗುತ್ತೆ, ಅದನ್ನ ಹಾಕಿ ನೋಡಿ.

ಮೆಕ್ಸಿಕೋ ಕಡೆಯ ಮೂಲನಿವಾಸಿಗಳು ಮೂರು ಸಾವಿರ ವರ್ಷದ ಹಿಂದೆನೇ ಇದನ್ನ ಮಾಡ್ತಿದ್ರು. ಜೋಳದಲ್ಲಿರೋ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತಬೇಕಂದ್ರೆ ಸುಣ್ಣ ಬೇಕೇ ಬೇಕು. ಸುಣ್ಣ ಬಿಟ್ಟು ಜೋಳ ಮಾತ್ರ ತಗೊಂಡ್ ಹೋದ ಕಡೆ ಏನಾಯ್ತು, 1900ರ ನಂತರದ ದಶಕಗಳಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಜೋಳನೇ ಗತಿ ಅಂತಿದ್ದ ಬಡವರಿಗೆ ಪೆಲಾಗ್ರ ಅನ್ನೋ ಕಾಯಿಲೆ ಬಂದು ಚರ್ಮ ಸುಲಿದು, ಬುದ್ಧಿ ಕೆಟ್ಟು, ಸಾವಿರಾರು ಜನ ಸತ್ರು.

ಇನ್ನೊಂದು, ನೀವು ಸೀದಾ ಎಣ್ಣೆಗೆ ಬಿಡ್ತಿದೀರಿ. ಫ್ಯಾಕ್ಟರೀಲಿ ಮೊದಲು ಜೋರು ಶಾಖದ ಓವನ್‌ನಲ್ಲಿ ಸುಟ್ಟು ನೀರಂಶ ತೆಗೆದು ಆಮೇಲೆ ಕರೀತಾರೆ, ಅದ್ರಿಂದ ಎಣ್ಣೆನೂ ಕಮ್ಮಿ ಕುಡಿಯುತ್ತೆ.

ಪ್ರಶ್ನೆ: ಅಕ್ಕ, ನಮ್ಮೆಜಮಾನ್ರಿಗೆ ಬಿಪಿ ಇದೆ. ಕರಿದಿದ್ದು ಬೇಡ ಅಂತ ಚಿಪ್ಸ್ ಕಮ್ಮಿ ಮಾಡಿ ಸಾಲ್ಸಾನೇ ಜಾಸ್ತಿ ತಿಂತಾರೆ, ಟೊಮ್ಯಾಟೊ ತಾನೇ ಅಂತಾರೆ. ಸರೀನಾ?

ಉತ್ತರ: ಅಯ್ಯೋ, ಬಿಪಿ ಇರೋರು ಹೆದರಬೇಕಾದ್ದು ಆ ಜಾಡಿಗೇನೇ! 28 ಗ್ರಾಂ ಸಾದಾ ಚಿಪ್ಸ್, ಅಂದ್ರೆ ಏಳೆಂಟು ತುಂಡು, 140 ಕ್ಯಾಲೊರಿ ಆಸುಪಾಸು, ಸೋಡಿಯಂ (ಉಪ್ಪಿನಲ್ಲಿರೋದು) ನೂರು ಚಿಲ್ಲರೆ ಮಿಲಿಗ್ರಾಂ. ಸಾಲ್ಸಾ ಬರೀ ಎರಡು ಟೇಬಲ್ ಸ್ಪೂನಿಗೆ ಸುಮಾರು 250 ಮಿಲಿಗ್ರಾಂ. ಬಟ್ಟಲಿನ ಆಕಾರದ ಸ್ಕೂಪ್ಸ್ ಚಿಪ್ಸ್ ಇದ್ರಂತೂ ಎರಡು ಸ್ಪೂನು ನಾಲ್ಕೈದು ಸಲ ಅದ್ದೋದ್ರಲ್ಲಿ ಹೋಯ್ತು. ಮಾಮೂಲಿ 15.5 ಔನ್ಸ್ ಜಾಡಿ ಇಬ್ರು ಕೂತ್ಕೊಂಡು ಟಿವಿ ನೋಡ್ತಾ ಖಾಲಿ ಮಾಡಿದ್ರೆ ಮೂರು ಸಾವಿರ ಮಿಲಿಗ್ರಾಂ ದಾಟುತ್ತೆ, ಅಮೆರಿಕದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 2,300 ಮಿತಿ. ಟೊಮ್ಯಾಟೊ, ಈರುಳ್ಳಿ, ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ನಿಂಬೆರಸ ಹಿಂಡಿ, ಉಪ್ಪು ನಿಮ್ಮ ಕೈಯಲ್ಲಿರ್ಲಿ. ಚಿಪ್ಸ್‌ನಲ್ಲೇ ಉಪ್ಪಿರೋದ್ರಿಂದ ಏನೂ ಕೊರತೆ ಅನ್ಸಲ್ಲ, ನಿಜವಾಗ್ಲೂ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿ, ಕೇಸೋ ಅನ್ನೋ ಆ ಹಳದಿ ಚೀಸ್ ಡಿಪ್ ತಿನ್ಬಹುದಾ?

ಉತ್ತರ: ಚೀಸ್ ಪಕ್ಕ ‘ಎನ್ಜೈಮ್ಸ್’ (ಹಾಲು ಒಡೆಸಿ ಚೀಸ್ ಮಾಡೋಕೆ ಹಾಕೋದು) ಅಂತ ಮಾತ್ರ ಬರೆದಿದ್ರೆ ಅದು ಪ್ರಾಣಿಯಿಂದ ಬಂದಿದ್ದಾ ಅಲ್ವಾ ಅಂತ ಗೊತ್ತಾಗಲ್ಲ, ಅಮೆರಿಕದ ಕಾನೂನಲ್ಲಿ ಮೂಲ ಬರೀಲೇಬೇಕು ಅಂತಿಲ್ಲ. ಕಟ್ಟುನಿಟ್ಟು ಇದ್ರೆ ಸಾಲ್ಸಾಗೇ ನಿಲ್ಸಿ. ನನ್ ಕೇಳಿದ್ರೆ ಆ ಕೇಸೋ ರುಚಿಗೆ ಅಷ್ಟೊಂದು ತಲೆ ಕೆಡಿಸ್ಕೊಳ್ಳೋದೂ ಬೇಡ.

ಪ್ರಶ್ನೆ: ನಮ್ ಭಾವ ಅರ್ಧ ಕಚ್ಚಿದ ಚಿಪ್ಸ್‌ನ ಎಲ್ಲರ ಮಧ್ಯೆ ಇಟ್ಟಿರೋ ಸಾಲ್ಸಾಗೆ ಮತ್ತೆ ಅದ್ದುತ್ತಾರೆ, ಹೇಳಿದ್ರೆ ನಾನೇ ಮಡಿವಂತೆ ಅಂತಾರೆ.

ಉತ್ತರ: ಅಮೆರಿಕದ ಕ್ಲೆಮ್ಸನ್ ಯೂನಿವರ್ಸಿಟೀಲಿ ಕ್ರ್ಯಾಕರ್ ಬಿಸ್ಕತ್ತು ಕಚ್ಚಿ ಅದ್ದಿಸಿ ಅಳೆದೇ ನೋಡಿದಾರೆ, ಕಚ್ಚಿ ಅದ್ದಿದ್ರೆ ಬಾಯಿಯ ಬ್ಯಾಕ್ಟೀರಿಯಾ ಡಿಪ್‌ಗೆ ಹೋಗೋದು ನಿಜ. ಸಾಲ್ಸಾ ತೆಳುವಾಗಿರೋದ್ರಿಂದ ಚಿಪ್ಸ್‌ನಿಂದ ವಾಪಸ್ ತೊಟ್ಟಿಕ್ಕುತ್ತೆ, ಚೀಸ್ ಡಿಪ್‌ಗಿಂತ ಅದಕ್ಕೇ ಜಾಸ್ತಿ ಸೇರುತ್ತೆ. ಹುಳಿ ಇರೋದಕ್ಕೆ ಎರಡು ಗಂಟೇಲಿ ಒಂದಷ್ಟು ಸಾಯ್ತವೆ, ಆದ್ರೆ ಪಾರ್ಟೀಲಿ ಸಾಲ್ಸಾ ಎರಡು ಗಂಟೆ ಉಳಿದಿದ್ದು ಯಾರು ಕಂಡಿದಾರೆ. ಭಾವಂಗೆ ಬೇರೆ ಬಟ್ಟಲಲ್ಲಿ ಹಾಕ್ಕೊಡಿ, ಮರ್ಯಾದೆಯಿಂದ್ಲೇ, ಮೊದಲು ಅವರಿಗೇ ಬಡಿಸಿದ ಹಾಗೆ.