ಪ್ರತಿಕ್ರಿಯೆ: ರಾತ್ರಿಯ ಚಿಂತೆ, ಕ್ವಾರ್ಟರ್ – ಮೊದಲು ಯಾವುದು?

ಅಣ್ಣಾರೇ, ತೊಗರಿ ಒಣಗಿ ಸಾಲ ಉಳಿಯಿತು, ರಾತ್ರಿಯೆಲ್ಲಾ ಅದೇ ತಲೆಯಲ್ಲಿ ತಿರುಗುತ್ತದೆ, ಕ್ವಾರ್ಟರ್ ಹಾಕಿದರಷ್ಟೇ ನಿದ್ದೆ, ಮೊದಲು ಯಾವುದನ್ನು ಬಿಡಲಿ ಅಂತ ಸೇಡಂನಿಂದ ಕೇಳಿದ್ದೀರಿ.

ಎರಡನ್ನೂ ಒಟ್ಟಿಗೇ ಹಿಡಿಯಬೇಕು. ಕುಡಿದಾಗ ಚಿಂತೆ ಒಂದೆರಡು ತಾಸು ಸುಮ್ಮನಾಗುತ್ತದೆ, ಮಿದುಳು ಆ ನೆಮ್ಮದಿಯನ್ನೇ ಕಲಿತುಬಿಡುತ್ತದೆ. ಅಮಲು ಇಳಿದು ನಸುಕಿನ ಮೂರಕ್ಕೆ ಎಚ್ಚರವಾದರೆ ಎದೆ ಡವಡವ, ಜೊತೆಗೆ ‘ಮತ್ತೆ ಕುಡಿದೆನಲ್ಲ’ ಎಂಬ ಹೊಸ ಕೊರಗು. ಮರುದಿನದ ಕ್ವಾರ್ಟರ್‌ಗೆ ಅದೇ ದಾರಿ.

ದಿನಾ ಕುಡಿಯುತ್ತಿದ್ದರೆ ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ಕೈನಡುಕ, ಬೆವರಿನಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು. ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಮನೋರೋಗ ವಿಭಾಗದಲ್ಲಿ ತೋರಿಸಿ, ಎಷ್ಟು ಕುಡಿಯುತ್ತೀರಿ ಎಂಬುದನ್ನು ಮುಚ್ಚಿಡಬೇಡಿ.

ಚಿಂತೆಗೆ ಸಂಜೆ ಐದಕ್ಕೆ 20 ನಿಮಿಷ ಕೊಡಿ, ನೋಟ್‌ಬುಕ್‌ನಲ್ಲಿ ಬರೆಯಿರಿ. ‘ನನಗೇ ಯಾಕೆ ಹೀಗೆ’ ಎಂಬುದಕ್ಕೆ ಉತ್ತರವಿಲ್ಲ, ಗೀಟೆಳೆದು ಹೊಡೆದುಹಾಕಿ. ‘ಸೋಮವಾರ ಬ್ಯಾಂಕಿನಲ್ಲಿ ಕಂತು ಮುಂದೂಡಲು ಕೇಳುವುದು’ ಎಂಬಂಥದ್ದನ್ನು ಉಳಿಸಿಕೊಳ್ಳಿ. ರಾತ್ರಿ ಬಂದ ಚಿಂತೆಯನ್ನು ಒತ್ತಿ ಹಿಡಿಯಬೇಡಿ, ಇನ್ನೂ ಜೋರಾಗುತ್ತದೆ. ‘ನಾಳೆ ಐದಕ್ಕೆ’ ಎಂದು ಎದ್ದು ಅಂಗಳದಲ್ಲಿ ಓಡಾಡಿ. ಕುಡಿಯುವ ಸೆಳೆತವೂ ಸಾಮಾನ್ಯವಾಗಿ ಅರ್ಧ ತಾಸಿನಲ್ಲಿ ಇಳಿಯುತ್ತದೆ.

ಸಾಯುವ ಯೋಚನೆ ಬಂದರೆ ಮಾತ್ರ ಐದರವರೆಗೆ ಕಾಯಬೇಡಿ. ಆ ಕ್ಷಣವೇ ಮನೆಯವರನ್ನು ಎಬ್ಬಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.